ಚಕ್ಕುಲಿಯ ಬಾಯಲ್ಲಿ ದೊಡ್ಡಪತ್ರೆಯ ವಾಸನೆ

ಸೋಮವಾರ. ಚಕ್ಕುಲಿ ಎರಡು ಸಲ ಸೀನಿತು, ಅಷ್ಟೇ.

ಚಕ್ಕುಲಿ ನಮ್ಮ ಬೆಕ್ಕು. ಸುತ್ತಿಕೊಂಡು ಮಲಗುತ್ತದೆಂದು ಆ ಹೆಸರು. ವೇಲಚೇರಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ದೊಡ್ಡಪತ್ರೆ ಕುಂಡದ ನೆರಳಲ್ಲಿ ಅದರ ಹಗಲು ಕಳೆಯುತ್ತದೆ. ಅದರ ಊಟ, ನೀರು, ಔಷಧಿ, ಎಲ್ಲಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇದೆ.

"ಮಗೂಗೆ ನೆಗಡಿ ಕಣೇ. ನೀನು ಬರೀತಾ ಇರು, ನಾನು ವಾಸಿ ಮಾಡ್ತೀನಿ" ಎಂದಳು ಅಮ್ಮ.

ಮಂಗಳವಾರ, ವಾಂತಿ ಮೂರು. ಬುಧವಾರ ಏಳು. ಊಟ ಸೊನ್ನೆ.

ಗುರುವಾರ ಬೆಳಿಗ್ಗೆ ವಾಂತಿಯಲ್ಲಿ ರಕ್ತ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ನನ್ನ ಪುಟಗಳನ್ನು ಓದಿದರು. ಬೇರೆ ಏನಾದರೂ ಕೊಟ್ಟಿರಾ ಎಂದು ತಮಿಳಿನಲ್ಲಿ ಕೇಳಿದರು. ಏನೂ ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಅವರು ಚಕ್ಕುಲಿಯ ಬಾಯಿ ತೆರೆದರು. ವಾಸನೆ ಎದ್ದು ಬಂತು. ಒಂದು ಗಳಿಗೆ ನಾನು ಆರು ವರ್ಷದವಳು, ಜ್ವರದಲ್ಲಿ ತೇಲುತ್ತಿದ್ದೇನೆ, ಅಮ್ಮ ಬೆಂಕಿಯ ಮೇಲೆ ಎಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ನಾಲಿಗೆಗೆ ಸವರುತ್ತಿದ್ದಾಳೆ, ಮೇಲೆ ಫ್ಯಾನು ನಿಧಾನವಾಗಿ ತಿರುಗುತ್ತಿದೆ.

ತಿರುಗಿ ನೋಡಿದೆ. ಅಮ್ಮ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

"ದಿನಾ ಎರಡು ಸಲ ಕೊಟ್ಟೆ. ವಾಂತಿ ಶುರುವಾದ್ಮೇಲೆ ಇನ್ನೂ ಸ್ವಲ್ಪ ಜಾಸ್ತಿ. ಹೊಟ್ಟೆಗೂ ಒಳ್ಳೇದಲ್ವೇನೇ ಅದು?"

ಅವಳು ಕೊಡುವುದನ್ನು ನಾನು ನೋಡಿದ್ದೆ. ಪಕ್ಕದಲ್ಲೇ ಕೂತು ವಾಂತಿ ಎಣಿಸುತ್ತಿದ್ದೆ. ಅದು ಊಟವಾಗಿ ಕಾಣಲಿಲ್ಲ, ಔಷಧಿಯಾಗಿಯೂ ಕಾಣಲಿಲ್ಲ. ದೊಡ್ಡಪತ್ರೆ ಅಂದರೆ ಅಮ್ಮನ ಕೈ. ಅದನ್ನು ಯಾರು ಬರೆದಿಡುತ್ತಾರೆ?

ಎಲೆಯ ತಮಿಳು ಹೆಸರು ಹೇಳಿದೆ.

"ಕರ್ಪೂರವಳ್ಳಿಯಾ?" ಡಾಕ್ಟರ್ ಪೆನ್ ಕೆಳಗಿಟ್ಟರು. "ನಮಕ್ಕು ನಲ್ಲದುಮ್ಮಾ. ಪೂನೈಕ್ಕು, ನಾಯ್ಕ್ಕು ವಿಷಂ."

ನಮಗೆ ಒಳ್ಳೆಯದಂತೆ, ಬೆಕ್ಕಿಗೂ ನಾಯಿಗೂ ಅಲ್ಲವಂತೆ ಎಂದು ಅಮ್ಮನಿಗೆ ಹೇಳಿದೆ. ಕೊನೆಯ ಮಾತನ್ನು ಹೇಳಬೇಕಾಗಲಿಲ್ಲ. ಅದು ಅವಳಿಗೆ ಆಗಲೇ ತಲುಪಿತ್ತು.

ಎರಡು ದಿನ ಡ್ರಿಪ್. ಹನಿಗಳನ್ನು ಎಣಿಸಲು ಕೂತೆ. ಕಿಟಕಿಯ ಬಿಸಿಲು, ಚಕ್ಕುಲಿಯ ಉಸಿರು, ಅಮ್ಮನ ಉಸಿರು ಎಲ್ಲ ಒಂದರೊಳಗೊಂದು ಕರಗಿ, ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಲಿಲ್ಲ.

ಶನಿವಾರ. ವಾಂತಿ ಸೊನ್ನೆ. ಊಟ, ಎರಡು ಚಮಚ.

ಮುಂದಿನ ವಾರ ಇನ್ನೊಂದು ಬ್ಲಡ್ ಟೆಸ್ಟ್ ಇದೆ. ಕುಂಡ ಈಗ ಸೂರಿನ ಕೊಕ್ಕೆಯಲ್ಲಿ, ಬೆಕ್ಕಿಗೆ ಎಟುಕದಷ್ಟು ಮೇಲೆ ತೂಗುತ್ತಿದೆ. ನೋಟ್‌ಬುಕ್ಕಿನಲ್ಲಿ ಹೊಸದೊಂದು ಕಾಲಂ ಗೆರೆ ಎಳೆದಿದ್ದೇನೆ: ಅಮ್ಮ ಕೊಟ್ಟದ್ದು. ಅದನ್ನು ಅವಳೇ ತುಂಬುತ್ತಾಳೆ. ದಿನವೂ ಒಂದೇ ಸಾಲು, ಏನೂ ಕೊಟ್ಟಿಲ್ಲ.

ಇವತ್ತು ಅದರ ಕೆಳಗೆ ಇನ್ನೊಂದು ಸಾಲಿತ್ತು.

ತಲೆ ಸವರಿದೆ. ಹಾಯಾಗಿ ಕಣ್ಣು ಮುಚ್ಚಿಕೊಂಡಿತು.