ನಾಲ್ಕೂ ಮೂಲೆ ಕಾಣಬೇಕು

ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿಗೆ ಹತ್ತಿರವೇ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಗಂಡ ಟಿವಿ ರಿಪೇರಿ ಮಾಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಕೋಣೆಗೆ ಒಂದು ವಿಡಿಯೋ ಗೇಮ್ ಪೆಟ್ಟಿಗೆಯೂ ಬಂತು. ಪ್ಲೈವುಡ್ಡಿನ ಆಳೆತ್ತರದ ಪೆಟ್ಟಿಗೆ, ಒಳಗೆ ಹಳೆ ಟಿವಿಯ ಪಿಕ್ಚರ್ ಟ್ಯೂಬು, ಮುಂದೆ ಇಬ್ಬರಿಗೆ ಎರಡು ಹಿಡಿಕೆ. ಹೊಡೆದಾಟದ ಆಟ. ತೆರೆಯ ಮೇಲಂಚಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಹಳದಿ ಪಟ್ಟಿ. ಪೆಟ್ಟು ಬಿದ್ದಂತೆಲ್ಲ ಆ ಕಡೆಯವನ ಪಟ್ಟಿ ಕರಗುತ್ತದೆ. ಪೂರಾ ಕರಗಿದರೆ ಅವನು ಸತ್ತ.

ದಿನಾ ಬೆಳಿಗ್ಗೆ ಅದರ ಗಾಜು ಒರೆಸುವುದು ನನ್ನ ಕೆಲಸ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಿಟಕಿಯ ಗಾಜನ್ನು ಹಳೆ ಪೇಪರಿನಿಂದ ಒರೆಸಲು ಕಲಿಸಿದ್ದರು, ಹಾಗೇ ಒರೆಸುತ್ತಿದ್ದೆ. ಪೆಟ್ಟಿಗೆ ಆರಿಸಿದ್ದರೂ, ಬಾಗಿಲ ಬಿಸಿಲು ಓರೆಯಾಗಿ ಬಿದ್ದಾಗ ಬೂದು ಗಾಜಿನೊಳಗೆ ಆ ಎರಡು ಪಟ್ಟಿಗಳ ಕಲೆ ಕಾಣುತ್ತಿತ್ತು. ಒಂದೇ ಚಿತ್ರ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಟ್ಯೂಬಿನ ಒಳಮೈ ಸುಡುತ್ತದಂತೆ. ಒರೆಸಿದರೆ ಹೋಗುವ ಕಲೆಯಲ್ಲ.

ಪೆಟ್ಟಿಗೆಯೊಳಗಿನ ಆಟದ ಬೋರ್ಡು ಕಳಿಸುವ ಚಿತ್ರದ ಅಳತೆಯೂ ಟಿವಿ ಟ್ಯೂಬಿನ ಅಳತೆಯೂ ತಾನಾಗಿ ಕೂಡುವುದಿಲ್ಲ. ಹಾಗೇ ಬಿಟ್ಟರೆ ಚಿತ್ರ ಗಾಜಿನಾಚೆ ಹರಿದು, ಪಟ್ಟಿಗಳ ತುದಿ ಚೌಕಟ್ಟಿನ ಹಿಂದೆ ಮುಚ್ಚಿಹೋಗುತ್ತದೆ. ಅದಕ್ಕೇ ತೆರೆಯ ತುಂಬ ಬಿಳಿ ಗೆರೆಗಳ ಚೌಕಳಿ ಬರಿಸಿ, ಹಿಂದಿನ ಎರಡು ಸ್ಕ್ರೂ ತಿರುಗಿಸಿ ಅಗಲ, ಎತ್ತರ ಹೊಂದಿಸಬೇಕು. ನನ್ನ ಗಂಡನಿಗೆ ಕೆಲಸ ಕಲಿಸಿದ ಸೊಲ್ಲಾಪುರದ ಮೇಸ್ತ್ರಿಯದೊಂದು ಕಟ್ಟಳೆ ಇತ್ತು: ಮೊಳ ದೂರ ಕೂತು, ನಟ್ಟನಡುವೆ ಗೆರೆ ಕೂಡುವಲ್ಲಿ ಕಣ್ಣು ನೆಡಬೇಕು, ಕಣ್ಣು ಹೊರಳಿಸದೆ ನಾಲ್ಕೂ ಮೂಲೆ ಕಾಣಬೇಕು. ಹೊಡೆದಾಡುವವನಿಗೆ ಅತ್ತಿತ್ತ ನೋಡಲು ಪುರುಸೊತ್ತೆಲ್ಲಿ?

ನನ್ನ ಗಂಡ ತೆರೆಯ ಮುಂದೆ ಕೂರುತ್ತಿದ್ದರು. ಹಿಂದೆ ಸ್ಕ್ರೂ ತಿರುಗಿಸುವವಳು ನಾನು.

"ಇನ್ನಷ್ಟ್ ಒಳಗ ತಗೋ."

"ಇಷ್ಟ್ ಸಾಕೇನ್ರಿ?"

"ಮೂಲಿ ಇನ್ನೂ ಬರವಲ್ದು. ಇನ್ನಷ್ಟ್... ಹಾಂ, ಬಿಡು."

ವರ್ಷ ದಾಟುವುದರೊಳಗೆ ಮೂರು ಸಲ ಹೀಗೆ ಮಾಡಿಸಿದರು. ಪ್ರತಿ ಸಲವೂ ಚಿತ್ರ ಒಳಗೇ ಸರಿಯಿತು. "ಟ್ಯೂಬ್ ಹಳೇದಾತು, ಚಿತ್ರ ಹಿಗ್ಗಾಕತ್ತೈತಿ" ಎನ್ನುತ್ತಿದ್ದರು.

ಗಾಜು ಒರೆಸುವಾಗ ನನಗೆ ಕಲೆಗಳು ಕಂಡಿದ್ದವು. ಮೊದಲಿನ ಪಟ್ಟಿಯ ಕಲೆ ಅಂಚಿಗೆ, ಅದರ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಮಸುಕಾಗಿ. ಚಿತ್ರ ಹಿಗ್ಗಿದ್ದರೆ ಕಲೆ ಹೊರಗೆ ಹೋಗಬೇಕಿತ್ತಲ್ಲ ಎಂದು ಒಮ್ಮೆ ಅನ್ನಿಸಿತ್ತು. ಕೇಳಲಿಲ್ಲ. ಕಸುಬು ಬಲ್ಲವರು ಅವರು. ತಾಟಿನ ಅಂಚಿಗೆ ಬಡಿಸಿದ ಶೇಂಗಾ ಹಿಂಡಿಯ ಚಟ್ನಿಪುಡಿಯನ್ನು ಅವರು ಮುಟ್ಟದೆ ಏಳುವುದೂ ಕಂಡಿತ್ತು. ಖಾರ ಹೆಚ್ಚಾಗಿರಬೇಕೆಂದು ಕಡಿಮೆ ಮಾಡಿದೆ. ಆಮೇಲೆ ಉಪ್ಪು ಕಡಿಮೆ ಮಾಡಿದೆ.

ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರ್ ಒಬ್ಬರು, ಗಾಡಿ ನಿಂತಷ್ಟು ಹೊತ್ತು ಬಂದು ಆಡುತ್ತಿದ್ದರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಒಂದು ಮಧ್ಯಾಹ್ನ ತೆರೆಯ ಕಪ್ಪು ಅಂಚಿಗೆ ಬೆರಳು ಇಟ್ಟು ಅಳೆದರು.

"ವೈನಿ, ನಿಮ್ಮ ಮಾಲಕರು ನಾಕ್ ಬೆರಳ ಹೊಲಾ ಬೀಳ ಬಿಟ್ಟಾರ ನೋಡ್ರಿ. ಪೈಲ್ವಾನರು ನೋಡಿದ್ರ ಶ್ರಾವಣದ ಉಪಾಸ ಹಿಡದಂಗ ಸೊರಗ್ಯಾರ!"

ನನ್ನ ಗಂಡ ಸಿಟ್ಟಿನಿಂದ ಸ್ಟೂಲು ಎಳೆದುಕೊಂಡು ಕೂತರು. "ಎಲ್ಲಿ ಬೀಳ ಬಿದ್ದೈತಿ? ನಟ್ಟನಡುವ ನೋಡಿದ್ರ ಮೂಲಿ ಈಗರ ಕಾಣಾಕತ್ತಾವ."

"ನಡುವನ ನೋಡ್ರಿ ಹಂಗಾದ್ರ," ಎಂದು ಕಂಡಕ್ಟರ್ ನನ್ನತ್ತ ಕಣ್ಣು ಮಿಟುಕಿಸಿ, ಟಿಕೆಟ್ಟಿನ ಕಟ್ಟನ್ನು ಮೆಲ್ಲಗೆ ನನ್ನ ಗಂಡನ ಕಣ್ಣಿನ ಮಗ್ಗುಲಿಗೆ ತಂದರು. ಅವರು ತಿರುಗಲಿಲ್ಲ. ಕಟ್ಟನ್ನು ಇನ್ನಷ್ಟು ಮುಂದೆ ತಂದು ಅಲುಗಿಸಿದರು. ನನ್ನ ಗಂಡ ತೆರೆಯನ್ನೇ ನೋಡುತ್ತ, "ನಡುವನ ನೋಡಾಕತ್ತೇನಿ, ಅದೇನ್ ಮಸ್ಕಿರಿ ಮಾಡ್ತಿ ಮಾಡಲ್ಲೋ." ಎಂದರು.

ಕಂಡಕ್ಟರ್ ನಗು ನಿಲ್ಲಿಸಿದರು. ಕಟ್ಟನ್ನು ಚೀಲಕ್ಕೆ ಹಾಕಿಕೊಂಡು, ದನಿ ತಗ್ಗಿಸಿ ನನಗೆ ಹೇಳಿದರು: "ವೈನಿ, ನಾಳೆ ವಿಜಾಪುರಕ್ಕ ಕರ್ಕೊಂಡ್ ಹೋಗ್ರಿ. ನಾಡದ್ದು ಅನಬ್ಯಾಡ್ರಿ."

ವಿಜಾಪುರದ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಗಂಡನ ಗದ್ದವನ್ನು ಒಂದು ಯಂತ್ರಕ್ಕೆ ಆನಿಸಿ ಕೂರಿಸಿದರು. "ನಡುವಿನ ದೀಪಾನ ನೋಡ್ರಿ, ಕಣ್ ಹೊರಳಿಸಬ್ಯಾಡ್ರಿ. ಅಂಚಿನಾಗ ದೀಪ ಕಂಡ್ರ ಗುಂಡಿ ಒತ್ತ್ರಿ," ಎಂದರು ಡಾಕ್ಟರಮ್ಮ.

"ಇದು ನಮ್ಮ ಮೇಸ್ತ್ರೀದ ಪರೀಕ್ಷಾರಿ," ಎಂದು ಅವರು ನಕ್ಕರು.

ನಾನು ಗೋಡೆಗೆ ಒರಗಿ ನಿಂತು ಆ ಗುಂಡಿಯ ಟಿಕ್ ಸದ್ದಿಗೆ ಕಿವಿಗೊಟ್ಟೆ. ಟಿಕ್. ತುಂಬ ಹೊತ್ತಿನ ಮೇಲೆ ಇನ್ನೊಂದು ಟಿಕ್. ಆಮೇಲೆ ಯಂತ್ರ ಸದ್ದು ಮಾಡುತ್ತಲೇ ಇತ್ತು, ಅವರ ಬೆರಳು ಸುಮ್ಮನಿತ್ತು.

ಡಾಕ್ಟರಮ್ಮ ಕಾಗದ ತೋರಿಸಿದರು. ಕಾಣದಿದ್ದುದು ಸುತ್ತ ಕಪ್ಪು, ಕಂಡದ್ದು ನಡುವೆ ಸಣ್ಣ ಬಿಳಿ. ನಮ್ಮ ಪೆಟ್ಟಿಗೆಯ ತೆರೆಯೇ ಅದು. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿದೆ, ನೋವಿಲ್ಲದ್ದರಿಂದ ತಿಳಿಯುವುದಿಲ್ಲ, ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಹನಿ ಔಷಧ ಹಾಕಬೇಕು, ಅದೂ ಉಳಿದೀತೆಂಬ ಭರವಸೆ ಇಲ್ಲ.

"ಎಷ್ಟ್ ದಿನಾತ್ರಿ ಹಿಂಗಾಗಿ?"

"ಎರಡ್ ತಿಂಗಳಾಗಿರಬೇಕ್ರಿ," ಎಂದರು ಅವರು.

ಎರಡು ತಿಂಗಳಲ್ಲ ಎಂದು ನನಗೆ ಗೊತ್ತಿತ್ತು. ಗಾಜಿನಲ್ಲಿ ಮೂರು ಕಲೆ ಸುಡಲು ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟೂ ಹೊತ್ತು ನಾನು ನೋಡುತ್ತ ಒರೆಸಿದ್ದೆ. "ಮೊದಲ ಬಂದಿದ್ರ ಇನ್ನಷ್ಟ್ ಉಳೀತಿತ್ತು," ಎಂದು ಡಾಕ್ಟರಮ್ಮ ಹೇಳಿದಾಗ ನಾನು ಔಷಧದ ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡೆ.

ಬಸ್ಸಿನಲ್ಲಿ ಅವರು ಕಿಟಕಿಗೆ ಕೂತರು. ಮನೆ ಸೇರಿದವರೇ ಚಪ್ಪಲಿ ಕಳಚಿ ಸೀದಾ ಪೆಟ್ಟಿಗೆಯ ಹಿಂದೆ ಹೋದರು.

"ನೀ ಮುಂದ ಕೂಡು. ಸ್ಕ್ರೂ ನಾ ತಿರಗಿಸ್ತೇನಿ, ಅದಕ್ಕೇನ್ ಕಣ್ ಬೇಕಾಗಿಲ್ಲ. ಮಂದಿ ಆಡೂ ಆಟ, ನನ್ನ ಅಳತಿಗ್ಯಾಕ ಇರಬೇಕು?"

ನಾನು ಮೊದಲ ಸಲ ಆ ಸ್ಟೂಲಿನ ಮೇಲೆ ಕೂತೆ. ಮೊಳ ದೂರದಿಂದ ನಡುವಿನ ಗೆರೆಗಳಲ್ಲಿ ಕಣ್ಣು ನೆಟ್ಟೆ. ಚಿತ್ರ ಮೆಲ್ಲಗೆ ಹರಡತೊಡಗಿತು. ಒಳಗಿನ ಕಲೆ ದಾಟಿತು, ಎರಡನೆಯದನ್ನು ದಾಟಿತು. ನಾನು ಕೈಯಾರೆ ಒಳಗೆ ತಂದಿದ್ದೆಲ್ಲ ಅವರ ಕೈಯಲ್ಲಿ ಹೊರಗೆ ಹೋಯಿತು. ಅಂಚಿನ ಹಳೆ ಕಲೆಗೆ ತಾಗಿದಾಗ, "ಸಾಕ್ರಿ," ಎಂದೆ.

"ನಾಕೂ ಮೂಲಿ ಕಾಣತಾವೇನು?" ಹಿಂದಿನಿಂದ ಕೇಳಿದರು.

"ಕಾಣತಾವ್ರಿ."

"ಕಣ್ ಹೊರಳಿಸಿಲ್ಲಲ್ಲ?"

"ಇಲ್ರಿ," ಎಂದೆ. ನನಗೆ ಎಲ್ಲವೂ ಕಾಣುತ್ತಿತ್ತು.