ಹೆಬ್ಬೆರಳು ಹಾರಿದ ದಿನಗಳು

ಕಣ್ಣು ಹಾರಿದ್ದರೆ ಶಕುನ ಹೇಳಲು ನಮ್ಮ ಓಣಿಯಲ್ಲಿ ಹತ್ತು ಮಂದಿ ಇದ್ದರು. ನನಗೆ ಹಾರತೊಡಗಿದ್ದು ಬಲಗೈ ಹೆಬ್ಬೆರಳಿನ ಬುಡ. ಸುಮ್ಮನೆ ಕೂತಾಗಲೂ ಅಲ್ಲಿನ ಮಾಂಸ ಪಟಪಟ ಮಿಡಿಯುತ್ತಿತ್ತು. ಇದಕ್ಕೆ ಪಂಚಾಂಗದಲ್ಲೂ ಉತ್ತರವಿಲ್ಲ. ವಿದ್ಯಾನಗರದ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುವವಳು ನಾನು. ಕತ್ತರಿ ಹಿಡಿಯುವ ಬೆರಳೇ ಹೋದರೆ ಮುಂದೇನು?

ನನ್ನ ಗಂಡ ಬೈಕ್ ರಿಪೇರಿ ಮಾಡುವವರು. ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪ್ಲಗ್ಗಿನಾಗ ಕಸ ಕುಂತೈತಿ, ಒರಿಸಿದ್ರ ಆತು" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಫೋನಿನಲ್ಲಿ ಹುಡುಕಿದೆ. ಅಂಜಿದವರ ಮೇಲೆ ಕಪ್ಪೆ ಎಸೆದರಂತೆ, ಹಾಗಾಯಿತು. ದಣಿವು, ನಿದ್ದೆಗೇಡು ಎಂದು ಮೊದಲು ಬರೆದಿದ್ದರೂ ನನ್ನ ಕಣ್ಣು ನೆಟ್ಟದ್ದು ಕೊನೆಯ ಸಾಲಿನಲ್ಲಿ: ನರ ಸತ್ತು ಕೈ ಸೊರಗುವ ರೋಗ. ಮರುದಿನವೇ ಕ್ಯಾಲೆಂಡರಿಗೆ ಒಂದು ಸೂಜಿ ಚುಚ್ಚಿಟ್ಟೆ. ಬೆಳಿಗ್ಗೆ ಎದ್ದವಳೇ, ಮುಖವನ್ನೂ ತೊಳೆಯದೆ, ಕನ್ನಡಕವನ್ನೂ ಹಾಕದೆ ಅದಕ್ಕೆ ದಾರ ಪೋಣಿಸುವುದು. ದಾರ ಹೋಯಿತೆಂದರೆ ಕೈ ಇನ್ನೂ ನನ್ನದು. ಗಂಡನಿಗೆ ಹೇಳಲಿಲ್ಲ. ನಗುವವರ ಮುಂದೆ ಅಳುವುದೇಕೆ?

ಒಂದು ಬೆಳಿಗ್ಗೆ ದಾರ ಮೂರು ಸಲ ತಪ್ಪಿತು. ಅಂದು ಮದುವೆಯ ಎರಡು ಬ್ಲೌಸ್ ಹೊಲಿಯದೆಯೇ ವಾಪಸ್ ಕೊಟ್ಟು ಆಸ್ಪತ್ರೆಗೆ ಹೋದೆ.

ನರಗಳ ಡಾಕ್ಟರು ನನ್ನ ಗಿರಾಕಿಯೇ, ತಾಳ್ಮೆಯ ಹೆಣ್ಣುಮಗಳು. ತಮ್ಮ ಬೆರಳು ಹಿಡಿಸಿ ಹಿಸುಕಿರಿ ಎಂದರು, ಸುತ್ತಿಗೆಯಿಂದ ಮೊಣಕಾಲು ಬಡಿದರು, ಹಿಮ್ಮಡಿಯ ಮೇಲೆ ನಡೆಸಿದರು. ನಾಲಿಗೆ ಹೊರಗೆ ಚಾಚಿಸಿ ಅಲ್ಲೂ ಏನಾದರೂ ಹಾರುತ್ತಿದೆಯೇ ಎಂದು ನೋಡಿದರು. ನನ್ನ ನಾಲಿಗೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಬರೇ ಹಾರೂದಕ್ಕ ಅಂಜಬ್ಯಾಡ್ರಿ. ಕೈಯಾಗ ಶಕ್ತಿ ಕಡಿಮಿ ಆಗೇತೇನು, ಮಾಂಸ ಕರಗೇತೇನು, ಅದನ್ನ ನಾವು ನೋಡೂದು. ಚಾ ಎಷ್ಟ ಕುಡೀತೀರಿ?"

"ಎರಡ ಕಪ್ರಿ."

ಥೈರಾಯ್ಡ್, ಕ್ಯಾಲ್ಸಿಯಂ ಎಂದು ರಕ್ತ ತೆಗೆದರು. ಯಾವುದಕ್ಕೂ ಇರಲಿ ಎಂದು ಇನ್ನೊಂದು ಪರೀಕ್ಷೆಯೂ ಆಯಿತು: ಸ್ನಾಯುವಿನೊಳಗೆ ಸೂಜಿ ಇಳಿಸಿ, ಅಲ್ಲಿನ ಕರೆಂಟಿನ ಸದ್ದನ್ನು ಯಂತ್ರದಲ್ಲಿ ಕೇಳುವುದು. ಕಣ್ಣೇ ಇಲ್ಲದ ಸೂಜಿ ನೋಡಿ, ಇದರಿಂದ ಏನು ಹೊಲಿಯುತ್ತಾರಪ್ಪ ಎಂದುಕೊಂಡೆ. ಚುಚ್ಚಿದಾಗ ಅತ್ತೆ. ಅತ್ತದ್ದು ನೋವಿಗಲ್ಲ, ಅವರ ಬಾಯಿಂದ ಏನು ಬರುತ್ತದೋ ಎಂಬ ಹೆದರಿಕೆಗೆ.

ಎಲ್ಲ ರಿಪೋರ್ಟೂ ಛಲೋ ಬಂದವು. ಡಾಕ್ಟರು ಮಾತ್ರ ನನ್ನನ್ನೇ ನೋಡಿದರು.

"ಚಾ ಎರಡ ಕಪ್ ಅಂದ್ರಿ. ಹೋದ ತಿಂಗಳ ಅಳತಿ ಕೊಡಾಕ ಬಂದಾಗ ನನ್ನ ಜೋಡಿ ಕುಡದ್ರಲ್ಲ, ಅದು ಎರಡರಾಗ ಯಾವ್ದು?"

"ಅದು ನಿಮ್ಮ ಚಾ ರೀ, ನಂದಲ್ಲ."

ಮನೆಗೆ ಬಂದವರಿಗೆ ಒಬ್ಬರಿಗೇ ಚಹ ಕುಡಿಸುವ ಪದ್ಧತಿ ನಮ್ಮಲ್ಲಿಲ್ಲ. ಜೊತೆಗೆ ಅರ್ಧ ಕಪ್ಪಾದರೂ ಕುಡಿಯಬೇಕು, ಅದು ಮರ್ಯಾದೆ. ಮರ್ಯಾದೆಯನ್ನು ಯಾರಾದರೂ ಎಣಿಸುತ್ತಾರೆಯೇ? ಮದುವೆಯ ಸೀಸನ್‌ನಲ್ಲಿ ದಿನಕ್ಕೆ ಎಷ್ಟು ಗಿರಾಕಿ ಎಂದು ಕೇಳಿದರು. ಹದಿನಾರು ಎಂದೆ. ಡಾಕ್ಟರು ಹಣೆ ಹಿಡಿದುಕೊಂಡರು.

"ಮ್ಯಾಲೆ ನಿದ್ದಿಲ್ಲ, ದಿನಾ ಕತ್ತರಿ. ಬೆರಳು ಹಾರದ ಏನ್ ಮಾಡೀತು? ಚಾ ಕಡಿಮಿ ಮಾಡ್ರಿ, ಕೈಗೆ ರೆಸ್ಟ್ ಕೊಡ್ರಿ. ಹಿಡಿತ ಸಡಲಾತು ಅನಿಸಿದ್ರ ಮಾತ್ರ ಲಗೂ ಬರ್ರಿ."

ಹದಿನೈದು ದಿನದಲ್ಲಿ ಬೆರಳು ಬಹುತೇಕ ಸುಮ್ಮನಾಯಿತು. ಬೆಳಿಗ್ಗೆಯ ದಾರವೂ ಈಗ ಮೊದಲ ಸಲಕ್ಕೇ ಹೋಗುತ್ತಿತ್ತು. ಆ ಖುಷಿಯಲ್ಲಿ ಡಾಕ್ಟರ ರೇಷ್ಮೆ ಬ್ಲೌಸಿಗೆ ಹುಕ್ ಹಚ್ಚಲು ಕ್ಯಾಲೆಂಡರಿನ ಸೂಜಿಯನ್ನೇ ಕಿತ್ತುಕೊಂಡೆ. ಚುಚ್ಚಿದರೆ ರೇಷ್ಮೆಯಲ್ಲಿ ಎದ್ದು ಕಾಣುವಷ್ಟು ದೊಡ್ಡ ತೂತು! ಕನ್ನಡಕ ಹಾಕಿ ನೋಡಿದೆ. ಸೂಜಿ ನನ್ನದಲ್ಲ, ಎರಡು ನಂಬರ್ ದಪ್ಪ. ಅದರ ಕಣ್ಣಿನಲ್ಲಿ ಕುರುಡರೂ ದಾರ ಹಾಕಬಹುದು.

"ನನ್ನ ಸೂಜಿ ಯಾರ ಬದಲ್ ಮಾಡ್ಯಾರ?" ಎಂದು ಕಿರುಚಿದೆ.

ಅಂಗಳದಲ್ಲಿ ಪ್ಲಗ್ ಒರೆಸುತ್ತಿದ್ದ ಗಂಡ ತಲೆ ಎತ್ತಲಿಲ್ಲ.

"ನಾನ. ಅವತ್ತ ಮುಂಜಾನಿ ಮೂರು ಸಲ ತಪ್ಪಿತಲ್ಲ, ನಿನ್ನ ಮಾರಿ ನೋಡಾಕ ಆಗಲಿಲ್ಲ ನನಗ."

ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತು. ಒಳಗೆ ಹೋಗಿ ಅವರಿಗೊಂದು ಕಪ್ ಚಹ ಮಾಡಿ ತಂದೆ. ಒಬ್ಬರಿಗೇ ಕುಡಿಸಬಾರದಲ್ಲ, ನಾನೂ ಬಿಸಿನೀರು ಹಿಡಿದು ಪಕ್ಕದಲ್ಲಿ ಕೂತೆ.