ಉಗ್ರಾಣದಲ್ಲಿ ಒಂದು ಪಾಠದ ಪೆಟ್ಟಿಗೆ

ಕುಶಾಲನಗರದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪು ಓಡುತ್ತಿಲ್ಲ ಎಂದು ಯಾರೇ ಫೋನ್ ಮಾಡಲಿ, ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಕರೆಂಟು ಬರ್ತಾ ಐತಾ ನೋಡಿದ್ರಾ?" ಎಷ್ಟೋ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಫ್ಯೂಸ್ ಹೋಗಿರುತ್ತದೆ, ಇಲ್ಲವೇ ಇಲಿ ವೈರು ಕಡಿದಿರುತ್ತದೆ. ಊರಿಗೆಲ್ಲ ಈ ಪ್ರಶ್ನೆ ಕೇಳುವ ನನಗೆ, ಅದನ್ನು ನನ್ನ ಮನೆಯ ಉಗ್ರಾಣದಲ್ಲೂ ಒಮ್ಮೆ ಕೇಳಬೇಕು ಎಂದು ಒಂದಿಡೀ ಬೇಸಿಗೆ ಹೊಳೆಯಲಿಲ್ಲ.

ಮನೆ ಇರುವುದು ಶಿರಂಗಾಲದಲ್ಲಿ. ಹಾಸನದ ಕಡೆಯಿಂದ ತಾತ ಬಂದು ನೆಲೆಸಿದ ಜಾಗ. ಒಂದಿಷ್ಟು ಗದ್ದೆ, ಒಂದಿಷ್ಟು ಶುಂಠಿ, ಅದರ ಉಸ್ತುವಾರಿಗೆ ಅಮ್ಮ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಒಂದೇ ಬೈಕಿನಲ್ಲಿ ಕುಶಾಲನಗರಕ್ಕೆ ಹೊರಡುತ್ತಿದ್ದೆವು. ಅವಳು ಅಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಬೇಸಿಗೆ ರಜೆಯಲ್ಲೂ ಅಲ್ಲಿ ವಿಶೇಷ ತರಗತಿ ಇರುತ್ತಿತ್ತು. ಸರ್ಕಾರಿ ಶಾಲೆಯ ಟೀಚರ್ ಆಗಬೇಕೆಂಬುದು ಮದುವೆಗೆ ಮೊದಲಿನಿಂದ ಅವಳಿಗಿದ್ದ ಆಸೆ. ಮದುವೆ, ಮಗಳು, ಮಗಳ ಶಾಲೆ ಎಂದು ವರ್ಷಗಳು ಜಾರಿದವು. ಮಗಳು ಹಾಸ್ಟೆಲ್ ಸೇರಿದ ಮೇಲೆ ಕೂತು ಲೆಕ್ಕ ಹಾಕಿದರೆ, ವಯಸ್ಸಿನ ಮಿತಿ ದಾಟುವುದರೊಳಗೆ ಪರೀಕ್ಷೆ ಬರೆಯಲು ಉಳಿದಿದ್ದದ್ದು ಒಂದೇ ಅವಕಾಶ.

ಕೋಚಿಂಗಿಗೆ ಮೈಸೂರಿಗೆ ಹೋಗಿ ಕೂರುವ ಹಾಗಿರಲಿಲ್ಲ. ಪಾಠಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತಿದ್ದವು, ಆದರೆ ನಮ್ಮ ಇಂಟರ್ನೆಟ್ಟು ಮರದ ಕೊಂಬೆಯ ಮರ್ಜಿಯಲ್ಲಿತ್ತು. ಗಾಳಿ ಬೀಸಿ ಕೊಂಬೆಯೊಂದು ಕೇಬಲ್ ಮೇಲೆ ಬಿದ್ದರೆ ಮೂರು ದಿನ ಯಾರೂ ಆ ಕಡೆ ತಲೆಹಾಕುತ್ತಿರಲಿಲ್ಲ. ಕರೆಂಟು ಹೋದರೆ ಟವರೂ ಹೋಗುತ್ತಿತ್ತು. ಆಗಲೇ ನಾನು ಸರ್ವರ್ ಕಟ್ಟುತ್ತೇನೆ ಎಂದು ಹೊರಟಿದ್ದು. ನಿಜ ಹೇಳಬೇಕೆಂದರೆ ಆ ಹುಚ್ಚು ನನಗೆ ಮೊದಲೇ ಹಿಡಿದಿತ್ತು, ಹೆಂಡತಿಯ ಓದು ಒಳ್ಳೆಯ ನೆಪವಾಗಿ ಸಿಕ್ಕಿತು.

ಸರ್ವರ್ ಎನ್ನುವುದು ದೊಡ್ಡ ಮಾತು. ಯಾವುದೋ ಆಫೀಸಿನವರು ಕೈಬಿಟ್ಟ ಕಂಪ್ಯೂಟರೊಂದನ್ನು ಮೈಸೂರಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಂದೆ. ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಜಿರಳೆ ಸಂಸಾರವೇ ಇತ್ತು. ಬ್ಲೋಯರ್ ಹಿಡಿದು ಒಕ್ಕಲೆಬ್ಬಿಸಿದೆ. ಫ್ಯಾನಿಗೆ ಎಣ್ಣೆ ಬಿಟ್ಟು, ಎರಡು ಹೊಸ ಹಾರ್ಡ್‌ಡಿಸ್ಕ್ ಹಾಕಿದೆ. ಒಂದರಲ್ಲಿ ಬರೆದದ್ದು ಅದೇ ಕ್ಷಣಕ್ಕೆ ಇನ್ನೊಂದರಲ್ಲೂ ಬರೆಯುವ ಹಾಗೆ ವ್ಯವಸ್ಥೆ ಮಾಡಿ, "ಇನ್ನು ಒಂದು ಸತ್ತರೂ ಇನ್ನೊಂದು ಇರುತ್ತೆ" ಎಂದು ಮನೆಯಲ್ಲಿ ಜಂಬ ಕೊಚ್ಚಿದೆ. ನೆಟ್ ಇದ್ದಾಗ ಪಾಠಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳುವುದು, ಇಲ್ಲದಾಗ ಮನೆಯೊಳಗಿನ ವೈಫೈನಲ್ಲಿ ಅವಳ ಫೋನಿಗೆ ಒದಗಿಸುವುದು, ಇಷ್ಟೇ ಅದರ ಕೆಲಸ. ಇಲಿಕಾಟಕ್ಕೆ ಹೆದರಿ ಅದನ್ನು ಉಗ್ರಾಣದ ಮೇಲಿನ ಹಲಗೆಗೆ ಏರಿಸಿದೆ. ಪ್ಲಗ್ಗಿನ ಬೋರ್ಡನ್ನೂ ಅಲ್ಲೇ ಎತ್ತರದಲ್ಲಿ ಹೊಡೆದು ಇನ್ವರ್ಟರ್ ಲೈನ್ ಕೊಟ್ಟೆ. "ಇದನ್ನ ಮಾತ್ರ ಯಾರೂ ಮುಟ್ಟಬೇಡಿ" ಎಂದು ಅಮ್ಮನ ಮುಖ ನೋಡಿಯೇ ಹೇಳಿದೆ. ಅಮ್ಮ ಅದಕ್ಕೆ ಪಾಠದ ಪೆಟ್ಟಿಗೆ ಎಂದು ಹೆಸರಿಟ್ಟಳು.

ಅಡುಗೆಮನೆಯ ಕಿಟಕಿಯ ಮೇಲೆ ಫೋನ್ ಒರಗಿಸಿಟ್ಟುಕೊಂಡು ಹೆಂಡತಿ ರೊಟ್ಟಿ ತಟ್ಟುತ್ತ ಪಾಠ ಕೇಳುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಊಟ ತಡವಾದ ದಿನ ಮಾತ್ರ "ಈ ವಯಸ್ಸಲ್ಲಿ ಎಂಥ ಓದಪ್ಪಾ" ಎಂದು ಗೊಣಗುತ್ತಿದ್ದಳು. ಆ ಒಂದು ಮಾತನ್ನು ನನ್ನ ಹೆಂಡತಿ ಮರೆಯಲಿಲ್ಲ.

ಏಪ್ರಿಲ್ ಬಂತು, ಕಾಟ ಶುರುವಾಯಿತು. ಪೆಟ್ಟಿಗೆ ಹಗಲಿನಲ್ಲಿ ಯಾವಾಗಲೋ ಸತ್ತು, ತಾನಾಗಿಯೇ ಮತ್ತೆ ಎದ್ದಿರುತ್ತಿತ್ತು. ಕರೆಂಟು ಬಂದ ಕೂಡಲೇ ಹತ್ತಿಕೊಳ್ಳುವ ಹಾಗೆ ಅದನ್ನು ಹೊಂದಿಸಿದ್ದವನು ನಾನೇ. ಸಂಜೆ ನೋಡಿದರೆ ಅರ್ಧ ಇಳಿದ ಪಾಠ ಕೆಟ್ಟು ಕೂತಿರುತ್ತಿತ್ತು, ಅವಳು ಎಲ್ಲಿಯವರೆಗೆ ಕೇಳಿದ್ದಳೆಂಬ ಗುರುತು ಅಳಿಸಿಹೋಗಿರುತ್ತಿತ್ತು. ಕರೆಂಟು ಹೋದರೆ ಇನ್ವರ್ಟರ್ ಹಿಡಿದುಕೊಳ್ಳುತ್ತದೆ, ಆದ್ದರಿಂದ ಕರೆಂಟಿನ ದೋಷವಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಆಮೇಲೆ ಶುರುವಾಯಿತು ನನ್ನ ಚಿಕಿತ್ಸೆ. ಪವರ್ ಸಪ್ಲೈ ಬದಲಾಯಿಸಿದೆ. ಮೆಮೊರಿ ಕಿತ್ತು ಅದರ ಹಲ್ಲುಗಳನ್ನು ಮಗಳ ಹಳೆಯ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಬಿಸಿಯಾಗಿ ಸಾಯುತ್ತಿರಬಹುದೆಂದು ಇನ್ನೊಂದು ಫ್ಯಾನ್ ಸೇರಿಸಿದೆ. ಅದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು, ಸಾಯುವುದನ್ನು ಮಾತ್ರ ಬಿಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಸಿಡುಕುತ್ತಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮೊದಲ ಗುಡುಗು ಕೇಳಿದ ಕೂಡಲೇ ಮನೆಯವರೊಬ್ಬರು ಎದ್ದು ಪ್ಲಗ್ಗುಗಳನ್ನೆಲ್ಲ ಕಿತ್ತುಕೊಂಡು ಬರುತ್ತಾರೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಗೋಡೆ ಬಿಟ್ಟು ಈಚೆ ನೇತಾಡಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮನದು. ಒಂದು ವರ್ಷ ಅವಳು ಗದ್ದೆಯಲ್ಲಿದ್ದಾಗ ಸಿಡಿಲು ಬಡಿದು ಟಿವಿ ಸುಟ್ಟುಹೋಗಿತ್ತು. ನೋಡುತ್ತಿದ್ದ ಧಾರಾವಾಹಿ ಅರ್ಧಕ್ಕೇ ನಿಂತಿತೆಂದು ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಕೂತಿದ್ದಳು. ಅಂದಿನಿಂದ ಗುಡುಗು ಬಂದರೆ ಅಮ್ಮನ ಕೈ ಮೊದಲು ಹೋಗುವುದು ಟಿವಿಗೆ, ಆಮೇಲೆ ಫ್ರಿಜ್ಜಿಗೆ, ಆಮೇಲೆ ಉಳಿದದ್ದಕ್ಕೆ. ಭಾನುವಾರಗಳಲ್ಲಿ ನಾನೇ ಎಷ್ಟೋ ಸಲ ನೋಡಿದ್ದೇನೆ. ಉಗ್ರಾಣದ ಕಡೆ ಅವಳು ತಿರುಗಿದ್ದನ್ನು ನಾನು ಕಂಡಿರಲಿಲ್ಲ. ಮಂಡಿನೋವಿನ ಹೆಂಗಸು ಸ್ಟೂಲು ಹತ್ತಿ ಅಷ್ಟೆತ್ತರ ಕೈಚಾಚುತ್ತಾಳೆಂದು ಅಂದುಕೊಂಡವನೂ ಅಲ್ಲ.

ಒಂದು ಸಂಜೆ ಹೆಂಡತಿ ಉಗ್ರಾಣದಿಂದ ನನ್ನನ್ನು ಮೆಲ್ಲಗೆ ಕರೆದಳು.

"ರೀ, ಪ್ಲಗ್ಗು ನಿನ್ನೆ ಈ ಕಡೆ ತೂತಲ್ಲಿತ್ತು. ಇವತ್ತು ಆ ಕಡೆ ಐತೆ."

"ನಾನೇ ಹಾಕಿರ್ತೀನಿ ಬಿಡು."

"ನೀವು ಹಾಕಿಲ್ಲ. ಮನೇಲಿ ಹಗಲು ಇರೋರು ಒಬ್ರೇ. ನಾನು ಓದೋದು ಅತ್ತೆಗೆ ಬೇಕಾಗಿಲ್ಲ ರೀ."

ನನಗೆ ಸಿಟ್ಟು ಬಂತು. "ಅಮ್ಮನಿಗೆ ಮಾಡಕ್ಕೆ ಬೇರೆ ಕೆಲಸ ಇಲ್ವಾ?" ಎಂದೆ. ಅಂದಿನಿಂದ ಅಮ್ಮನ ಜೊತೆ ಅವಳ ಮಾತು ಕಡಿಮೆಯಾಯಿತು. ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೆ. ಪಾಠವನ್ನು ಅಡುಗೆಮನೆಯಲ್ಲಿ ಕೇಳುವುದು ಬಿಟ್ಟು ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರತೊಡಗಿದಳು. ಸೊಪ್ಪು ಬಿಡಿಸುತ್ತ ಅಮ್ಮ ಒಂದೆರಡು ಸಲ ಕಿಟಕಿಯ ಕಡೆ ನೋಡಿದಳು. ನನಗೆ ಇಬ್ಬರ ಮೇಲೂ ಕೋಪ. ಎಲ್ಲಕ್ಕಿಂತ ಹೆಚ್ಚು ಆ ಪೆಟ್ಟಿಗೆಯ ಮೇಲೆ.

ಮೇ ತಿಂಗಳ ಒಂದು ಮಧ್ಯಾಹ್ನ ಊರಿನ ಹತ್ತಿರದಲ್ಲೇ ಒಬ್ಬರ ಪಂಪು ಇಳಿಸಿಕೊಟ್ಟು, ಊಟಕ್ಕೆಂದು ಮನೆಗೆ ಬಂದೆ. ಬೈಕ್ ನಿಲ್ಲಿಸುವಾಗ ಗುಡುಗಿತು. ಒಳಗೆ ಹೋದರೆ ಉಗ್ರಾಣದಲ್ಲಿ ಅಮ್ಮ ಸ್ಟೂಲಿನ ಮೇಲೆ ನಿಂತಿದ್ದಾಳೆ. ಒಂದು ಕೈ ಹಲಗೆ ಹಿಡಿದಿದೆ, ಇನ್ನೊಂದು ಕೈಯಲ್ಲಿ ಪ್ಲಗ್ಗು. ಮೇಲೆ ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು.

"ಅಮ್ಮಾ! ಏನ್ ಮಾಡ್ತಿದ್ದೀಯ?"

"ಕಾಣ್ತಿಲ್ವಾ? ಗುಡುಗ್ತಾ ಐತೆ. ಕೈ ಕೊಡು, ಇಳೀತೀನಿ."

"ಇದನ್ನ ಮುಟ್ಟಬೇಡ ಅಂತ ಬಡ್ಕೊಂಡಿದ್ದೆ ತಾನೇ!"

"ನನಗೆ ಮುಟ್ಟಬೇಡ ಅಂದೆ. ಸಿಡಿಲಿಗೆ ಹೇಳಿದ್ಯಾ?"

ನಾನು ಕೂಗಾಡಿದೆ. ಹೊಸ ಪವರ್ ಸಪ್ಲೈ, ಫ್ಯಾನು, ರಬ್ಬರು ಎಲ್ಲದರ ಕೋಪವೂ ಒಟ್ಟಿಗೆ ಹೊರಬಂತು. ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳದೆ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಪ್ಲಗ್ಗು ಕಿತ್ತಳು, ಮಿಕ್ಸಿಯದು ಕಿತ್ತಳು. ನಾನು ಬೈಯುತ್ತ ಹಿಂದೆ ಹಿಂದೆ. ಕಟ್ಟಕಡೆಗೆ ನಡುಮನೆಗೆ ಬಂದು ಟಿವಿಯದಕ್ಕೆ ಕೈ ಹಾಕಿದಾಗ ನನ್ನ ಬೈಗುಳ ನಿಂತುಹೋಯಿತು.

"ಟಿವಿ ಕೊನೆಗಾ?"

"ಹೂಂ. ಮೊದ್ಲು ಅವಳ ಪಾಠದ್ದು. ಟಿವಿ ಹೋದ್ರೆ ಇನ್ನೊಂದು ತರಬಹುದು. ಅವಳಿಗೆ ಇನ್ನೊಂದು ಪರೀಕ್ಷೆ ಎಲ್ಲೈತೆ?"

"ಮತ್ತೆ ನನಗೆ ಹೇಳಕ್ಕೆ ಏನಾಗಿತ್ತು?"

"ಹೇಳಿದ್ರೆ ನೀನು ಹಿಂಗೇ ಕೂಗಾಡ್ತಿದ್ದೆ. ಭಾನುವಾರ ನೀನೇ ಇರ್ತೀಯ, ನೋಡ್ಕತೀಯ ಅಂತ ಸುಮ್ನಿರ್ತಿದ್ದೆ. ಉಳಿದ ದಿನ ನಾನು ತೆಗೆದು, ಮಳೆ ನಿಂತ ಮೇಲೆ ವಾಪಸ್ ಹಾಕ್ತಿದ್ದೆ. ಏನು, ಕೆಟ್ಟೋಯ್ತಾ?"

ಕೆಟ್ಟಿತ್ತು. ಗುಡುಗು ನಿಂತ ಮೇಲೆ ಪ್ಲಗ್ಗು ಹಾಕಿದರೆ ಪೆಟ್ಟಿಗೆ ಹತ್ತಿತು, ಪಾಠಗಳಿದ್ದ ಜಾಗ ತೆರೆಯಲಿಲ್ಲ. ಬರೆಯುತ್ತಿರುವಾಗಲೇ ದಿಢೀರನೆ ಕರೆಂಟು ಕಿತ್ತರೆ ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂಬ ಪಟ್ಟಿಯೇ ಹಾಳಾಗುತ್ತದೆ. ಇನ್ನೊಂದು ಡಿಸ್ಕ್ ಇದೆಯಲ್ಲ ಎಂದರೆ, ಅದೂ ಅದೇ ಕ್ಷಣಕ್ಕೆ ಅದನ್ನೇ ಬರೆಯುತ್ತಿದ್ದದ್ದು, ಅದಕ್ಕೂ ಅದೇ ಗಾಯ. ಅಮ್ಮ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನೇ ಹಾಳು ಮಾಡಿದ್ನಾ?" ಎಂದು ಕೇಳಿದಳು. ಅಷ್ಟು ಸಣ್ಣ ದನಿಯಲ್ಲಿ ಅಮ್ಮ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ಹೆಂಡತಿ ಬಸ್ಸಿನಲ್ಲಿ ಬಂದಳು. ಚಪ್ಪಲಿ ಬಿಡುವ ಮೊದಲೇ ಎರಡನ್ನೂ ಹೇಳಿಬಿಟ್ಟೆ: ಪಾಠ ಹೋಗಿದೆ, ಹೋದದ್ದು ಹೀಗೆ. ಮೊದಲನೆಯದನ್ನು ಕೇಳಿ ಅವಳ ಮುಖ ಗಟ್ಟಿಯಾಯಿತು, ನಾನು ಹೇಳಿದ್ದೆ ತಾನೇ ಎನ್ನುವ ಹಾಗೆ. ಎರಡನೆಯದನ್ನು ಕೇಳಿ ಬ್ಯಾಗು ಕೆಳಗಿಟ್ಟು ನೇರ ಅಡುಗೆಮನೆಗೆ ಹೋದಳು.

"ಟಿವಿಗಿಂತ ಮೊದಲಾ, ಅತ್ತೆ?"

ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ, "ಹಾಳಾಯ್ತಂತಲ್ಲ ಮಗ" ಎಂದಳು. ಹೆಂಡತಿ ಅಲ್ಲೇ ಮಣೆಯ ಮೇಲೆ ಕೂತು ಅತ್ತುಬಿಟ್ಟಳು. ಪಾಠಕ್ಕೆ ಅತ್ತಳೋ, ಅಷ್ಟು ದಿನ ಮಾತು ಬಿಟ್ಟದ್ದಕ್ಕೆ ಅತ್ತಳೋ ಕೇಳಲಿಲ್ಲ.

ಎರಡು ದಿನ ಅಂಗಡಿಗೆ ಬೀಗ ಹಾಕಿ ಪೆಟ್ಟಿಗೆಯ ಮುಂದೆ ಕೂತೆ. ಡಿಸ್ಕನ್ನು ರಿಪೇರಿ ಮಾಡುವ ಸಾಫ್ಟ್‌ವೇರ್ ಓಡಿಸಿದ ಮೇಲೆ ಪಾಠಗಳು ಬಹುಪಾಲು ಸಿಕ್ಕಿದವು, ಆದರೆ ಹೆಸರುಗಳೆಲ್ಲ ಹೋಗಿದ್ದವು. ಎಲ್ಲಕ್ಕೂ ಬರೀ ನಂಬರು. ಯಾವುದು ಗಣಿತ, ಯಾವುದು ಮಕ್ಕಳ ಮನಶ್ಶಾಸ್ತ್ರ, ತೆರೆದು ನೋಡದೆ ಗೊತ್ತಾಗುವ ಹಾಗಿರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದನ್ನೇ ತೆರೆದು ಹೆಸರಿಡತೊಡಗಿದೆವು. ಹತ್ತಿಪ್ಪತ್ತು ಆದ ಮೇಲೆ ಮೂಲೆಯಿಂದ ಅಮ್ಮನ ದನಿ ಬಂತು.

"ಇದು ಕೇಳಿದ್ದೇ. ಮಕ್ಕಳಿಗೆ ಹೊಡೀಬಾರದು ಅಂತ ಹೇಳ್ತಾರಲ್ಲ, ಆ ಮೇಡಂದು."

ಹೆಂಡತಿ ತಿರುಗಿ ನೋಡಿದಳು. "ಮುಂದಿನದು ಯಾವುದಿತ್ತು ಅತ್ತೆ, ನೆನಪಿದೆಯಾ?"

"ಅದೆಲ್ಲ ನಂಗೆಂಥ ಗೊತ್ತು? ನೀನು ಕೋಣೆಗೆ ಹೋದ ಮೇಲಿಂದು ನಾನು ಕೇಳಿಲ್ಲ."

ಮರುದಿನದಿಂದ ಫೋನು ಮತ್ತೆ ಕಿಟಕಿಗೆ ಬಂತು.

ಅಮ್ಮನಿಗೆ ಪ್ಲಗ್ಗು ಕೀಳಬೇಡ ಎಂದು ನಾನು ಹೇಳಲಿಲ್ಲ. ಹೇಳಿದರೂ ಕೇಳುವವಳಲ್ಲ, ಮೇಲಾಗಿ ಸಿಡಿಲಿನ ವಿಷಯದಲ್ಲಿ ಅವಳ ಹೆದರಿಕೆ ಸುಳ್ಳೂ ಅಲ್ಲ. ಅದಕ್ಕೆ ಒಂದು ಕಾಲಿಂಗ್ ಬೆಲ್ ಸ್ವಿಚ್ ತಂದು ಕೈಗೆಟಕುವ ಎತ್ತರದಲ್ಲಿ ಹೊಡೆದು, ವೈರನ್ನು ಪೆಟ್ಟಿಗೆಯ ಒಳಗಿನವರೆಗೆ ಎಳೆದೆ. ಪಕ್ಕದಲ್ಲಿ ಒಂದು ಕೆಂಪು ದೀಪ. ಸ್ವಿಚ್ ಒತ್ತಿದರೆ ಪೆಟ್ಟಿಗೆ ತನ್ನ ಕೆಲಸ ಮುಗಿಸಿಕೊಂಡು ಮಲಗುತ್ತದೆ, ದೀಪ ಆರುತ್ತದೆ. ದೀಪ ಆರಿದ ಮೇಲೆ ಪ್ಲಗ್ಗು. ಅಮ್ಮನಿಗೆ ಇದನ್ನು ಕಲಿಸಿದ್ದು ನಾನಲ್ಲ, ಹೆಂಡತಿ. ಮೊದಲ ಗುಡುಗಿನ ದಿನ ಅವಳು ಮನೆಯಲ್ಲೇ ಇದ್ದಳು. ಸ್ವಿಚ್ ಒತ್ತಿ ಇಬ್ಬರೂ ಆ ಕೆಂಪು ದೀಪವನ್ನೇ ನೋಡುತ್ತ ನಿಂತಿದ್ದರು. ಹೊರಗೆ ಗುಡುಗುತ್ತಿತ್ತು, ಅಮ್ಮನ ಕೈ ತಡಬಡಾಯಿಸುತ್ತಿತ್ತು, "ಇನ್ನೂ ಆರಿಲ್ಲ ಅತ್ತೆ, ಇರಿ, ಇರಿ" ಎಂದು ಇವಳು ಅವಳ ಮೊಣಕೈ ಹಿಡಿದುಕೊಂಡಿದ್ದಳು.

ಪರೀಕ್ಷೆ ಪಾಸಾಯಿತು. ಕೆಲಸ ಕೈಗೆ ಬರುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು, ಆದರೂ ಬಂತು. ಈಗ ಅವಳು ಪೊನ್ನಂಪೇಟೆಯ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ದಿನಾ ಓಡಾಡುವ ದೂರವಲ್ಲ. ಅಲ್ಲೇ ಒಂದು ರೂಮು ಮಾಡಿಕೊಂಡು ಶನಿವಾರ ಮನೆಗೆ ಬರುತ್ತಾಳೆ. ಪೆಟ್ಟಿಗೆಯಲ್ಲಿ ಈಗ ಹೆಚ್ಚಾಗಿ ಇರುವುದು ನಾನು ಇಳಿಸಿಟ್ಟ ಸಿನಿಮಾಗಳು. ಜಾಗ ಸಾಲದೆ ಆಗಾಗ ಏನಾದರೂ ಅಳಿಸುತ್ತಿರುತ್ತೇನೆ. ಆ ಪಾಠಗಳಿಗೆ ಮಾತ್ರ ಕೈ ಹಾಕಿಲ್ಲ.

ಮೊನ್ನೆ ಭಾನುವಾರ ಶಾಲೆಯ ಯಾವುದೋ ಕಾರ್ಯಕ್ರಮವೆಂದು ಅವಳು ಬಂದಿರಲಿಲ್ಲ. ಮಧ್ಯಾಹ್ನ ಗುಡುಗಿತು. ನಾನು ಏಳುವುದರೊಳಗೆ ಅಮ್ಮ ಉಗ್ರಾಣ ಸೇರಿ ಸ್ವಿಚ್ ಒತ್ತಿಯಾಗಿತ್ತು.

"ಅದರಲ್ಲಿ ಈಗ ನನ್ನ ಸಿನಿಮಾ ಬಿಟ್ಟು ಏನೂ ಇಲ್ಲ ಅಮ್ಮ. ಟಿವಿ ಮೊದಲು ತೆಗಿ" ಎಂದೆ. ಅವಳು ದೀಪ ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಪೊನ್ನಂಪೇಟೆಯಿಂದ ಹೆಂಡತಿ.

"ಅಲ್ಲೂ ಗುಡುಗ್ತಾ ಐತಾ? ಅತ್ತೆ ಸ್ಟೂಲು ಹತ್ತದ ಹಾಗೆ ನೋಡ್ಕೊಳ್ಳಿ. ಬೋರ್ಡು ಕೆಳಗಿಳಿಸಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ, ಊರೋರ ಮನೆ ವೈರಿಂಗ್ ಎಲ್ಲ ಮಾಡ್ತೀರಿ. ಪೆಟ್ಟಿಗೆ ಸುಟ್ರೆ ಸುಡ್ಲಿ ರೀ, ಇನ್ನೊಂದು ತರಬಹುದು. ಅತ್ತೆ ಬಿದ್ರೆ?"

ಫೋನು ಕಿವಿಯಲ್ಲೇ ಇಟ್ಟುಕೊಂಡು ಅಮ್ಮನಿಗೆ ಹೇಳಿದೆ: ಸ್ಟೂಲು ಹತ್ತಬೇಡವಂತೆ, ಪೆಟ್ಟಿಗೆ ಸುಟ್ಟರೂ ಪರವಾಗಿಲ್ಲವಂತೆ.

ಅಮ್ಮ ಆಗಲೇ ಮೇಲಿದ್ದಳು. ಕೆಂಪು ದೀಪ ಆರಿತ್ತು.

"ತೆಗೆದಾಯ್ತು ಅಂತ ಹೇಳು ಅವಳಿಗೆ" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು ಇಳಿದಳು.